ಡ್ರೈವರಪ್ಪನ ಸ್ಕೂಟರ್ ಪಾಠ

ಡ್ರೈವರಪ್ಪನ ಲೆಕ್ಕದಲ್ಲಿ ಎರಡು ಚಕ್ರದ ಮೇಲೆ ಓಡುವ ಯಾವುದೂ ವಾಹನವಲ್ಲ, ನೊಣ. ಬೈಕು ದೊಡ್ಡ ನೊಣ, ಸ್ಕೂಟರ್ ಸಣ್ಣ ನೊಣ, ಸೈಕಲ್ಲಿಗಂತೂ ಆ ಮರ್ಯಾದೆಯೂ ಇಲ್ಲ. ಮೂವತ್ತೆರಡು ವರ್ಷ ಬಸ್ಸಿನ ಎತ್ತರದ ಸೀಟಿನಲ್ಲಿ ಕೂತು ಲೋಕದವರ ನೆತ್ತಿಯನ್ನಷ್ಟೇ ನೋಡಿಕೊಂಡು ಬಂದ ಮನುಷ್ಯ. ನಿವೃತ್ತನಾಗಿ ಎರಡು ವರ್ಷ ಕಳೆದಿದ್ದರೂ ಆ ಎತ್ತರದಿಂದ ಇನ್ನೂ ಇಳಿದಿರಲಿಲ್ಲ.

ಹಾಗಾಗಿ ಸೊಸೆ ಒಂದು ಪುಟ್ಟ ಸ್ಕೂಟರ್ ಕೊಂಡು ತಂದು ಗೇಟಿನೊಳಗೆ ನಿಲ್ಲಿಸಿದಾಗ ಅವನು ಅದರ ಸುತ್ತ ಒಂದು ಸುತ್ತು ಬಂದು, ಟೈರನ್ನು ಚಪ್ಪಲಿಯಲ್ಲಿ ಒತ್ತಿ, ಮೂಗು ಮುರಿದ.

“ಇದೇನಮ್ಮ ಇದು? ನಿಮ್ಮತ್ತೆ ಹೊಲಿಗೆ ಮಿಷನ್ನಿಗೆ ಚಕ್ರ ಹಾಕಿಸ್ಕೊಂಡು ಬಂದ್ಯಾ?”

“ಬಸ್ಸೇ ನಿಂತುಹೋಯ್ತಲ್ಲ ಮಾವ, ಇನ್ನೇನು ಮಾಡ್ಲಿ,” ಅಂದಳು ಸೊಸೆ. ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಅವಳ ಕೆಲಸ, ಮಧ್ಯಾಹ್ನದ ಪಾಳಿ. ಮಗ ಔಷಧಿ ಮಾರುವ ಕಂಪನಿಯವನು, ವಾರಕ್ಕೆ ಐದು ದಿನ ಊರೂರು ಅಲೆಯುವವನು. ಮನೆಯ ಮುಂದಿನ ರಸ್ತೆಯಲ್ಲಿ ಹೋಗುತ್ತಿದ್ದ ಒಂದೇ ಒಂದು ಬಸ್ಸನ್ನು ಜನ ಹತ್ತುವುದಿಲ್ಲ ಎಂದು ತೆಗೆದುಹಾಕಿದ್ದರು. ಡ್ರೈವರಪ್ಪನೇ ಹನ್ನೊಂದು ವರ್ಷ ಓಡಿಸಿದ ರೂಟು ಅದು. ಆ ಸಂಕಟವನ್ನೂ ಅವನು ಸ್ಕೂಟರಿನ ಮೇಲೆಯೇ ತೀರಿಸಿಕೊಂಡ.

ಮಾರನೆಯ ದಿನದಿಂದ ಪಾಠ ಶುರುವಾಯಿತು. ಪ್ಲಾಸ್ಟಿಕ್ ಕುರ್ಚಿಯನ್ನು ಗೇಟಿನ ಹೊರಗೆ ಹಾಕಿಸಿಕೊಂಡು ಕೂತ. ಎದುರಿನ ಇಸ್ತ್ರಿ ಅಂಗಡಿಯವನು ಪೆಟ್ಟಿಗೆ ಬದಿಗಿಟ್ಟು ಕಿವಿ ನಿಮಿರಿಸಿದ. ಪುಕ್ಕಟೆ ಮನರಂಜನೆ ಯಾರಿಗೆ ಬೇಡ?

“ಮುಂದಿನ ಚಕ್ರ ಯಾಕಮ್ಮ ನೋಡ್ತೀಯ? ಅದೇನು ನಿನ್ನ ಬಿಟ್ಟು ಓಡಿಹೋಗುತ್ತಾ? ಹೋಗ್ಬೇಕಾದ ಕಡೆ ನೋಡು! ಕಾಲು ಎರಡೂ ಕಡೆ ಎಳ್ಕೊಂಡು ಹೋಗ್ಬೇಡ, ಬಾತುಕೋಳಿನಾ ನೀನು? ಎತ್ತಿ ಒಳಗಿಡು. ಬಸ್ಸಿನ ಕನ್ನಡೀಲಿ ಡ್ರೈವರ್ ಮುಖ ನಿಂಗೆ ಕಾಣ್ತಿಲ್ಲ ಅಂದ್ರೆ ನೀನೂ ಅವನಿಗೆ ಕಾಣ್ತಿಲ್ಲ ಅಂತ ಅರ್ಥ. ಅವನ ಪಾಲಿಗೆ ನೀನಿನ್ನೂ ಹುಟ್ಟೇ ಇಲ್ಲ! ಇಳಿಯೋಕೆ ಮುಂಚೆ ಕೀ ಆಫ್ ಮಾಡು. ಆಕ್ಸಿಲೇಟರ್ ಹಿಡ್ಕೊಂಡೇ ಇಳಿದವರು ಗೋಡೆ ಹತ್ತಿರೋದನ್ನ ನಾನು ಕಣ್ಣಾರೆ ನೋಡಿದೀನಿ.”

ಇಷ್ಟೆಲ್ಲ ಸರಿಯೇ. ಎತ್ತರದಿಂದ ಮೂವತ್ತೆರಡು ವರ್ಷ ನೋಡಿದವನಿಗೆ ಇಷ್ಟೂ ತಿಳಿಯದಿದ್ದರೆ ಹೇಗೆ? ಆದರೆ ಅಷ್ಟಕ್ಕೇ ನಿಲ್ಲಿಸುವ ಬಾಯಿ ಅದಲ್ಲ. “ಮುಂದಿನ ಬ್ರೇಕ್ ಮುಟ್ಲೇಬೇಡ, ಅದು ಅಂದಕ್ಕೆ ಇಟ್ಟಿರೋದು,” ಅಂದ. “ತಿರುವಿನಲ್ಲಿ ಅಗಲಕ್ಕೆ ಹೋಗಿ ಆಮೇಲೆ ತಿರುಗಿಸು,” ಅಂದ. ಮಾತು ನಂಬಿ ಸೊಸೆ ಅಗಲಕ್ಕೆ ಹೋದಳು, ನೆಟ್ಟಗೆ ಇಸ್ತ್ರಿ ಅಂಗಡಿಯ ಮೇಜಿನ ಹತ್ತಿರ ಹೋದಳು. ಇಸ್ತ್ರಿಯವನು ಯಾರದೋ ಪ್ಯಾಂಟು ಹಿಡಿದುಕೊಂಡು ಚಂಗನೆ ಹಾರಿದ.

“ನೋಡಿದ್ರಾ? ಹೇಳಿದ್ದು ಒಂದು, ಮಾಡೋದು ಇನ್ನೊಂದು,” ಎಂದು ಡ್ರೈವರಪ್ಪ ಅವನ ಕಡೆಗೇ ತಿರುಗಿ ಹೇಳಿದ.

ಅವತ್ತಿನಿಂದ ಸೊಸೆ ಜಾಣೆಯಾದಳು. ಮಾವ ಏನೇ ಹೇಳಿದರೂ “ಆಯ್ತು ಮಾವ” ಅನ್ನುವುದು, ಬೀದಿ ದಾಟಿದ ಮೇಲೆ ಲ್ಯಾಬಿನ ಗೆಳತಿ ಕಲಿಸಿದ ಹಾಗೆ ಎರಡೂ ಬ್ರೇಕನ್ನು ಹದವಾಗಿ ಹಿಡಿಯುವುದು. ಹದಿನೈದು ದಿನಕ್ಕೆ ಕಲಿತಳು, ತಿಂಗಳೊಪ್ಪತ್ತಿಗೆ ಲೈಸೆನ್ಸೂ ಬಂತು. ಬೀದಿಯ ತುಂಬ ಡ್ರೈವರಪ್ಪನದೇ ಬಡಾಯಿ: “ನನ್ನ ಕೈಲಿ ಕಲ್ತಿದ್ದು. ಬರದೆ ಇರುತ್ತಾ?”

ಈಗ ವಿಷಯಕ್ಕೆ ಬರೋಣ. ಇಷ್ಟು ಪಾಠ ಹೇಳಿದ ಪುಣ್ಯಾತ್ಮ ಜೀವಮಾನದಲ್ಲಿ ಸ್ಕೂಟರ್ ಓಡಿಸಿದವನೇ ಅಲ್ಲ. ಹದಿನೆಂಟಕ್ಕೆ ಲಾರಿಯ ಕ್ಲೀನರ್, ಇಪ್ಪತ್ನಾಲ್ಕಕ್ಕೆ ಲಾರಿ, ಅಲ್ಲಿಂದ ಸೀದಾ ಬಸ್ಸು. ಡ್ಯೂಟಿಗೆ ಹೋಗುವುದೂ ಬಸ್ಸಿನಲ್ಲೇ, ಬರುವುದೂ ಬಸ್ಸಿನಲ್ಲೇ. ಎರಡು ಚಕ್ರದ ಮೇಲೆ ಮೈ ತೂಗಿಸಿಕೊಂಡು ಕೂರುವ ಪ್ರಸಂಗ ಎಲ್ಲೋ ಒಂದೇ ಒಂದು ಸಲ ಬಂದಿತ್ತು. ಅದನ್ನು ಅವನು ಮರೆತಿದ್ದ, ಅಥವಾ ಮರೆತೆನೆಂದು ತಿಳಿದುಕೊಂಡಿದ್ದ. ಬೇರೆ ಯಾರಿಗೂ ನೆನಪಿಲ್ಲ ಅಂತಲೂ ತಿಳಿದುಕೊಂಡಿದ್ದ.

ಅಷ್ಟರಲ್ಲಿ ಹೆಂಡತಿ ಬಚ್ಚಲಿನಲ್ಲಿ ಜಾರಿ ಬಿದ್ದು ಬಲ ಮೊಣಕೈ ಮುರಿದುಕೊಂಡಳು. ಬೀದಿಯವರಿಗೆಲ್ಲ ಅವಳು ಟೈಲರಮ್ಮ. ಶಾಲೆ ಮಕ್ಕಳ ಯೂನಿಫಾರಂ, ಕಿಟಕಿ ಪರದೆ, ದಿಂಬಿನ ಕವರು, ಏನು ಕೊಟ್ಟರೂ ಹೊಲಿಯುವ ಕೈ. ಪ್ಲಾಸ್ಟರ್ ಬಿಚ್ಚಿದಾಗ ಆ ಕೈ ಅರ್ಧ ಮಡಚಿದಲ್ಲೇ ನಿಂತಿತ್ತು. ಮೇಲಕ್ಕೆ ಬಾಯಿಗೂ ಎಟುಕದು, ಕೆಳಕ್ಕೆ ನೆಟ್ಟಗೂ ಆಗದು.

ಡಾಕ್ಟರು ಬಿಡಿಸಿ ಹೇಳಿದರು: “ಈ ಒಂದು ತಿಂಗಳು ದಿನ ಬಿಟ್ಟು ದಿನ ವ್ಯಾಯಾಮದ ಕೇಂದ್ರಕ್ಕೆ ಹೋಗ್ಲೇಬೇಕು. ಈಗ ಬಗ್ಗಿಸಿದ್ರೆ ಬಗ್ಗುತ್ತೆ. ಈ ತಿಂಗಳು ಕಳೆದ್ರೆ ನಾನೂ ಏನೂ ಮಾಡಕ್ಕಾಗಲ್ಲ.”

ಮೊದಲ ವಾರ ಸೊಸೆಯೇ ಬೆಳಿಗ್ಗೆ ಅತ್ತೆಯನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋದಳು. ಟೈಲರಮ್ಮ ಪ್ರತಿ ಸಲ ಬಂದ ಮೇಲೆ ತನ್ನ ಅಳತೆಯ ಟೇಪು ತೆಗೆದು, ಬಗ್ಗುವಷ್ಟು ಕೈ ಬಗ್ಗಿಸಿ, ಬೆರಳ ತುದಿಯಿಂದ ತುಟಿಗೆ ಎಷ್ಟು ದೂರ ಎಂದು ಸೊಸೆಯಿಂದ ಅಳೆಸುತ್ತಿದ್ದಳು. ಮೊದಲು ಆರು ಇಂಚು. ವಾರದ ಕೊನೆಗೆ ನಾಲ್ಕು. “ನೋಡಿ ರೀ, ಎರಡು ಇಂಚು ಬಂತು!” ಎಂದು ಹೊಸ ಬಟ್ಟೆ ಕಂಡ ಮಗುವಿನ ಹಾಗೆ ಹಿಗ್ಗಿದಳು.

ಎರಡನೆಯ ವಾರ ಸೊಸೆಗೆ ಬೆಳಗಿನ ಪಾಳಿ ಬಿತ್ತು. ಆ ಪಾಳಿಯವರಿಗೆ ಲ್ಯಾಬಿನ ವ್ಯಾನೇ ಮನೆ ಬಾಗಿಲಿಗೆ ಬರುತ್ತದೆ, ಸ್ಕೂಟರ್ ಮನೆಯಲ್ಲೇ ನಿಲ್ಲುತ್ತದೆ. ವ್ಯಾಯಾಮದ ಕೇಂದ್ರ ತೆರೆದಿರುವುದೂ ಬೆಳಗಿನ ಹೊತ್ತೇ. ಸೊಸೆ ಗೇಟಿನ ಹತ್ತಿರ ನಿಂತು, “ಮಾವ, ಅತ್ತೇನ ಆಟೋದಲ್ಲಿ ಕರ್ಕೊಂಡು ಹೋಗ್ಬಿಡಿ. ನಾನೇ ಆಟೋದವರಿಗೆ ಹೇಳಿಟ್ಟಿರ್ತೀನಿ,” ಅಂದಳು.

ಸುಮ್ಮನೆ ಹೂಂ ಅಂದಿದ್ದರೆ ಮುಗಿದಿತ್ತು. ಇಸ್ತ್ರಿಯವನು ಕೇಳಿಸಿಕೊಳ್ಳುತ್ತಿದ್ದ. ಡ್ರೈವರಪ್ಪನ ಬೆನ್ನು ನೆಟ್ಟಗಾಯಿತು.

“ಆಟೋನಾ? ಮನೇಲಿ ಡ್ರೈವರ್ ಇಟ್ಕೊಂಡು ಆಟೋನಾ? ಒಂದೊಂದು ಟ್ರಿಪ್ಪಿಗೆ ಐವತ್ತು ಅರವತ್ತು ಜನಾನ ಹೊತ್ತವನು ನಾನು. ಒಬ್ಬ ಹೆಂಡ್ತೀನ ಈ ಸೊಳ್ಳೆ ಮೇಲೆ ಕೂರಿಸ್ಕೊಂಡು ಹೋಗಕ್ಕಾಗಲ್ವಾ? ಕೀ ಆ ಮೊಳೆಗೆ ತಗಲಾಕಿ ಹೋಗು.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಆದರೆ ಬಾಯಿಂದ ಬಿದ್ದದ್ದು ಬಿತ್ತು, ಸೊಸೆಯ ಮುಖ ಅರಳಿತು, ಇಸ್ತ್ರಿಯವನು ತಲೆದೂಗಿದ. ಒಳಗೆ ಹೊಲಿಗೆ ಮಿಷನ್ನಿನ ಹಿಂದೆ ಕೂತಿದ್ದ ಟೈಲರಮ್ಮ ತಲೆ ಎತ್ತಿ ಗಂಡನನ್ನು ಒಂದು ಗಳಿಗೆ ನೋಡಿದಳು, ಮತ್ತೆ ತಲೆ ತಗ್ಗಿಸಿದಳು.

ಮೊದಲ ಬೆಳಿಗ್ಗೆ ಡ್ರೈವರಪ್ಪ ಪ್ಯಾಂಟು ಹಾಕಿ, ಹೆಲ್ಮೆಟ್ ತಲೆಗೆ ತುರುಕಿ, ಮೊಳೆಯಿಂದ ಕೀ ತೆಗೆದ. ಅಂಗೈ ಬೆವರಿ ಕೀ ಜಾರುತ್ತಿತ್ತು. ಇಸ್ತ್ರಿಯವನು ಆಗಲೇ ಎದುರಿಗೆ ಹಾಜರು. ಇನ್ನೇನು ಗೇಟು ತೆಗೆಯಬೇಕು, ಹಿಂದಿನಿಂದ ಹೆಂಡತಿಯ ದನಿ ಬಂತು.

“ಇವತ್ತು ಬೇಡ ರೀ. ಕೈ ಸಿಕ್ಕಾಪಟ್ಟೆ ನೋಯ್ತಿದೆ.”

ಡ್ರೈವರಪ್ಪನಿಗೆ ಹೋದ ಜೀವ ಬಂದ ಹಾಗಾಯಿತು. ಹಾಗೆಂದು ತೋರಿಸಿಕೊಳ್ಳುವ ಆಸಾಮಿಯೇ? “ಸರಿಹೋಯ್ತು! ನಾನು ರೆಡಿಯಾಗಿ ನಿಂತ್ಕೊಂಡ್ಮೇಲೆ ಇವಳಿಗೆ ನೋವು. ಎಲ್ಲಾ ನಾಟಕ,” ಎಂದು ಬೀದಿಗೆ ಕೇಳುವ ಹಾಗೆ ಗೊಣಗಿ, ಹೆಲ್ಮೆಟ್ ತೆಗೆದು ಮೇಜಿನ ಮೇಲೆ ಕುಕ್ಕಿದ.

ಒಂದು ದಿನ ಬಿಟ್ಟು ಅದೇ ಕಥೆ. ಕೀ ಕೈಗೆ ಬಂತು, ಟೈಲರಮ್ಮನಿಗೆ ತಲೆ ಸುತ್ತಿತು. ಮೂರನೆಯ ಸಲ ಯಾರದೋ ಯೂನಿಫಾರಂ ಅರ್ಜೆಂಟು ಎಂದಳು. ಒಂದು ಕೈಯಲ್ಲಿ ಅದೇನು ಹೊಲಿಯುತ್ತಾಳೋ! ಸೊಸೆ ಬಂದು ಕೇಳಿದರೆ ಡ್ರೈವರಪ್ಪನ ಉತ್ತರ ಬಾಯಲ್ಲೇ ಸಿದ್ಧವಿತ್ತು: “ನಾನು ತುದಿಗಾಲ ಮೇಲೆ ನಿಂತಿದೀನಮ್ಮ. ನಿಮ್ಮತ್ತೆ ಎದ್ದು ಬಂದ್ರೆ ತಾನೆ? ಮೈಗಳ್ಳಿ!” ಸೊಸೆ ಅತ್ತೆಯ ಕಡೆ ನೋಡಿದರೆ ಅತ್ತೆ, “ಮನೇಲೇ ಮಾಡ್ಕೊಳ್ತಿದೀನಿ ಬಿಡಮ್ಮ,” ಎಂದು ಮಾತು ಹಾರಿಸುತ್ತಿದ್ದಳು. ಟೇಪು ಮಾತ್ರ ಡ್ರಾಯರಿನಿಂದ ಹೊರಗೆ ಬರಲಿಲ್ಲ.

ಡ್ರೈವರಪ್ಪ ತೀರಾ ಕಲ್ಲೇನಲ್ಲ. ಕಲಿತುಬಿಡೋಣ, ಇದೇನು ಬ್ರಹ್ಮವಿದ್ಯೆಯೇ, ಅಂದುಕೊಂಡ. ಹೆಣ್ಣುಮಕ್ಕಳು ಓಡಿಸುತ್ತಾರೆ, ಪೋಸ್ಟಿನವನು ಓಡಿಸುತ್ತಾನೆ, ಅತ್ತ ಅಡ್ರೆಸ್ ಕೂಡ ಓದಲು ಬಾರದ ಪಾರ್ಸೆಲ್ ಹುಡುಗರು ಓಡಿಸುತ್ತಾರೆ! ಬಸ್ಸು ಪಳಗಿಸಿದವನಿಗೆ ಇದೊಂದು ಲೆಕ್ಕವೇ? ಸೊಸೆಯ ವ್ಯಾನು ಹೋದ ಮೇಲೆ, ಬೀದಿ ಏಳುವ ಮುಂಚೆ, ಪೆಟ್ರೋಲ್ ಹಾಕಿಸಿಕೊಂಡು ಬರುತ್ತೇನೆಂದು ಹೆಂಡತಿಗೆ ಹೇಳಿ, ಸ್ಕೂಟರನ್ನು ಸ್ಟಾರ್ಟ್ ಮಾಡದೆ ತಳ್ಳಿಕೊಂಡೇ ಹೋದ. ಎರಡು ಬೀದಿ ಆಚೆ, ಲಾರಿಗಳನ್ನು ತೂಗುವ ಕಡೆ, ಒಂದು ಖಾಲಿ ಮೈದಾನವಿತ್ತು.

ಸ್ಟಾರ್ಟ್ ಮಾಡಿದ. ಕಾಲು ಎರಡೂ ಕಡೆ ಎಳೆದುಕೊಂಡೇ ಹೊರಟ, ಬಾತುಕೋಳಿಯ ಹಾಗೆಯೇ. ಕಣ್ಣು ಮುಂದಿನ ಚಕ್ರದ ಮೇಲೆ. ನೆಟ್ಟಗೆ ಹೋಗುವ ತನಕ ಹೇಗೋ ನಡೆಯಿತು. ಮೈದಾನದ ತುದಿ ಬಂತು, ಎಡಕ್ಕೆ ತಿರುಗಬೇಕು. ಮೂವತ್ತೆರಡು ವರ್ಷದ ಕೈ ತನಗೆ ಗೊತ್ತಿದ್ದದ್ದನ್ನೇ ಮಾಡಿತು. ಎಡಕ್ಕೆ ತಿರುಗುವ ಮುಂಚೆ ಬಲಕ್ಕೆ ವಾಲಿ ಅಗಲ ಮಾಡಿಕೊಂಡಿತು, ಹಿಂದಿನ ಚಕ್ರ ಮೂಲೆಗೆ ತಾಗಬಾರದಲ್ಲ ಎಂದು ಇನ್ನಷ್ಟು ಮುಂದಕ್ಕೆ ಹೋಯಿತು. ಹಿಂದೆ ಮೂವತ್ತು ಅಡಿ ಬಸ್ಸು ಇದ್ದರೆ ಚಂದದ ತಿರುವು. ಇದ್ದದ್ದು ಸ್ಕೂಟರು, ಮುಂದೆ ಇದ್ದದ್ದು ಮರಳಿನ ಗುಡ್ಡೆ.

ಡ್ರೈವರಪ್ಪ ಬ್ರೇಕ್ ತುಳಿದ. ಬಲಗಾಲಿನಿಂದ, ಇದ್ದ ಬಲವನ್ನೆಲ್ಲ ಹಾಕಿ ತುಳಿದ. ತುಳಿದದ್ದು ಬರೀ ಕಾಲಿಡುವ ಹಲಗೆ. ಹೆದರಿಕೆಗೆ ಕೈ ಬಿಗಿಯಾಯಿತು, ಬಿಗಿಯಾದ ಕೈ ಆಕ್ಸಿಲೇಟರನ್ನು ಪೂರ್ತಿ ತಿರುವಿತು. ಸ್ಕೂಟರು ಮರಳು ಹತ್ತಿತು, ಅವನು ಕೆಳಗಿಳಿದ, ಮೊಣಕೈ ತರಚಿತು, ಎಡಗಡೆ ಕನ್ನಡಿ ಚೂರಾಯಿತು.

ತೂಕದ ಕಡೆಯ ಕಾವಲುಗಾರ ಹಲ್ಲುಜ್ಜುತ್ತ ಬಂದು ನಿಂತ. “ಯಜಮಾನ್ರೇ, ಕೈ ಹತ್ರ ಬ್ರೇಕ್ ಇದೆಯಲ್ಲ, ಅದನ್ನ ಬಿಟ್ಟು ಕಾಲಲ್ಲಿ ಏನು ತುಳೀತಿದ್ರಿ? ಯಾರು ನಿಮಗೆ ಕಲ್ಸಿದ್ದು?”

“ನೀನು ಲಾರಿ ತೂಗೋದು ನೋಡ್ಕೋ,” ಅಂದ ಡ್ರೈವರಪ್ಪ, ಬಾಯೊಳಗಿನ ಮರಳು ಉಗುಳಿ. “ಡಬ್ಬಾ ಗಾಡಿ. ಇದನ್ನ ಮಾಡಿದವನ ಕೈಗೆ ಕೊಳ್ಳಿ ಇಡಬೇಕು.”

ಮತ್ತೆರಡು ಬೆಳಿಗ್ಗೆ ಬಿದ್ದ. ಅದೇ ಅಗಲದ ತಿರುವು, ಅದೇ ಬಲಗಾಲು. ಬೈಗುಳ ಮಾತ್ರ ದಿನಕ್ಕೊಂದು ಹೊಸದು. ಮನೆಗೆ ಬಂದು ಕನ್ನಡಿಗೆ ಬೆಕ್ಕು ಹಾರಿತು ಎಂದ. ಟೈಲರಮ್ಮ ಎಡಗೈಯಿಂದ ಮುಲಾಮಿನ ಮುಚ್ಚಳ ತೆಗೆಯಲು ಒದ್ದಾಡಿ, ಹಲ್ಲಿನಿಂದ ತೆಗೆದು, ಅವನ ತರಚಿದ ಮೊಣಕೈಗೆ ಹಚ್ಚಿದಳು.

“ಬೆಕ್ಕು ನಿಮ್ಮ ಮೇಲೂ ಹಾರಿತಾ?” ಅಂದಳು, ಅಷ್ಟೆ.

ಎರಡು ವಾರ ಹೀಗೆ ಕಳೆಯಿತು. ಆರು ಸಲ ಹೋಗಬೇಕಾಗಿದ್ದ ಕಡೆ ಒಂದು ಸಲವೂ ಹೋಗಿರಲಿಲ್ಲ. ಕೊನೆಗೆ ಸೊಸೆಯೇ ಒಂದು ದಿನ ರಜೆ ಹಾಕಿ, ಅತ್ತೆಯ ಮಾತು ಕೇಳದೆ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟಳು. ಹನ್ನೊಂದು ಗಂಟೆಗೆ ವಾಪಸು ಬಂದಾಗ ಇಬ್ಬರ ಮುಖವೂ ಬಾಡಿತ್ತು.

“ಏನಂದ್ರು?” ಡ್ರೈವರಪ್ಪ ಪೇಪರಿನ ಹಿಂದಿನಿಂದ ಕೇಳಿದ.

“ಬೈದ್ರು,” ಅಂದಳು ಸೊಸೆ. “ಬಗ್ಗುತ್ತಿದ್ದದ್ದೂ ಹಿಂದಕ್ಕೆ ಹೋಗಿದೆಯಂತೆ. ಈ ಎರಡು ವಾರವೇ ಮುಖ್ಯ ಆಗಿತ್ತಂತೆ. ಇನ್ನು ಪೂರ್ತಿ ಬಗ್ಗುತ್ತೆ ಅಂತ ಹೇಳಕ್ಕಾಗಲ್ಲವಂತೆ ಮಾವ.” ಡ್ರಾಯರಿನಿಂದ ಟೇಪು ತೆಗೆದು ತಾನೇ ಅಳೆದಳು. ನಾಲ್ಕು ಇಂಚು ಇದ್ದದ್ದು ಐದೂವರೆ ಆಗಿತ್ತು. “ಯಾಕತ್ತೆ ಹೋಗ್ಲಿಲ್ಲ? ಯಾಕೆ ಅಂತ ಹೇಳಿ.”

ಟೈಲರಮ್ಮ ಮಿಷನ್ನಿನ ಮೇಲಿದ್ದ ದಾರದ ಉಂಡೆಯನ್ನು ಸರಿಮಾಡಿದಳು. ಸೊಸೆ ಟೇಪನ್ನು ಮಿಷನ್ನಿನ ಮೇಲೆ ಹಾಕಿ, ಕಣ್ಣೊರೆಸಿಕೊಂಡು ಒಳಗೆ ಹೋದಳು.

ಡ್ರೈವರಪ್ಪನ ಎದೆ ಧಸಕ್ಕೆಂದಿತ್ತು. ಎದೆ ಧಸಕ್ಕೆಂದಾಗಲೆಲ್ಲ ಅವನ ಬಾಯಿ ಇನ್ನೂ ಜೋರಾಗುವುದು ವಾಡಿಕೆ. “ಕೇಳಿಸ್ಕೊಂಡ್ಯಾ? ಮೈಗಳ್ಳತನಕ್ಕೆ ತಕ್ಕ ಶಾಸ್ತಿ! ಮೂವತ್ತೆರಡು ವರ್ಷದಲ್ಲಿ ನಾನು ಒಂದು ದಿನ ಡ್ಯೂಟಿ ತಪ್ಪಿಸಿಲ್ಲ. ಜ್ವರ ಬಂದ್ರೂ ಹೋದೆ. ನೀನು ನೋಡಿದ್ರೆ ಆರು ದಿನ, ಆರು ನೆಪ. ನಾನು ಕೀ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದೆ ಕಣೇ, ನಾಚಿಕೆ ಆಗಲ್ವಾ ನಿಂಗೆ?”

“ಹಿಡ್ಕೊಂಡ ಕೀ ಕೈಯಿಂದ ಜಾರ್ತಿತ್ತು,” ಅಂದಳು ಹೆಂಡತಿ.

“ಏನಂದೆ?”

“ನಮ್ಮಣ್ಣನ ಸೈಕಲ್ಲು ನೆನಪಿದೆಯಾ?”

ಡ್ರೈವರಪ್ಪನ ಕೈಯಲ್ಲಿದ್ದ ಪೇಪರು ಮಡಿಲಿಗೆ ಬಿತ್ತು.

“ಮದುವೆ ಆಗಿ ಒಂದು ತಿಂಗಳಾಗಿತ್ತು. ಅಣ್ಣ ಸೈಕಲ್ ತಗೊಂಡು ಬಂದಿದ್ದ. ಯಾರೂ ಇಲ್ಲದಾಗ ನೀವು ಹಿತ್ತಲಲ್ಲಿ ಹತ್ತಿ, ಬಟ್ಟೆ ಒಗೆಯೋ ಕಲ್ಲಿನ ಮೇಲೆ ಬಿದ್ರಿ. ಎತ್ತಿದವಳು ನಾನು. ‘ಯಾರಿಗೂ ಹೇಳ್ಬೇಡ’ ಅಂದ್ರಿ. ಇವತ್ತಿನ ತನಕ ಹೇಳಿದೀನಾ?” ಅವಳ ದನಿ ಏರಲಿಲ್ಲ. “ಸೈಕಲ್ಲೇ ಬರದವರಿಗೆ ಸ್ಕೂಟರ್ ಎಲ್ಲಿಂದ ಬರುತ್ತೆ? ನೀವು ಕೀ ತಗೊಂಡಾಗೆಲ್ಲ ಎದುರಿಗೆ ಇಸ್ತ್ರಿಯವನು ನಿಂತಿರ್ತಿದ್ದ. ಬೀದಿ ಮಧ್ಯ ಬಿದ್ರೆ ನೀವು ಆಮೇಲೆ ತಲೆ ಎತ್ಕೊಂಡು ಓಡಾಡ್ತಿದ್ರಾ? ಅದಕ್ಕೇ ಬೇಡ ಅಂದೆ.”

“ಆಟೋ ಅಂತ ಹೇಳ್ಬಹುದಿತ್ತಲ್ಲೇ...”

“ಹೇಳಿದ್ರೆ? ‘ನನ್ನನ್ನ ಏನಂತ ತಿಳ್ಕೊಂಡಿದೀಯ’ ಅಂತ ಹಟಕ್ಕೆ ಬಿದ್ದು ಅವತ್ತೇ ಕೂರಿಸ್ಕೊಂಡು ಹೊರಡ್ತಿದ್ರಿ. ಇನ್ನೊಂದು ಕೈಯೂ ಹೋಗ್ತಿತ್ತು. ನಿಮ್ಮ ಜೊತೆ ಮೂವತ್ತಾರು ವರ್ಷ ಬಾಳಿದೀನಿ ರೀ, ಅಷ್ಟೂ ಗೊತ್ತಿಲ್ವಾ ನಂಗೆ? ನೀವಾಗಿ ನೀವೇ ಬಾಯಿ ಬಿಟ್ಟು ‘ನನ್ನ ಕೈಲಿ ಆಗಲ್ಲ, ಆಟೋದಲ್ಲಿ ಹೋಗೋಣ’ ಅಂತೀರೇನೋ ಅಂತ ಕಾದೆ. ದಿನಾ ಕಾದೆ.” ಅವಳು ಎಡಗೈಯಲ್ಲಿ ಟೇಪನ್ನು ಸುತ್ತಿ ಡ್ರಾಯರಿಗೆ ಹಾಕಿದಳು. “ನೀವು ನನ್ನನ್ನ ಮೈಗಳ್ಳಿ ಅಂದ್ರಿ. ಬೀದಿಗೆಲ್ಲ ಕೇಳೋ ಹಾಗೆ ಅಂದ್ರಿ. ಅದು ಮಾತ್ರ ನೋವಾಯ್ತು.”

ಡ್ರೈವರಪ್ಪನಿಗೆ ಬೈಯಲು ಏನಾದರೂ ಬೇಕಿತ್ತು. ಸ್ಕೂಟರ್, ಡಾಕ್ಟರು, ಬಸ್ಸು ತೆಗೆದವರು, ಯಾವುದೂ ಬಾಯಿಗೆ ಬರಲಿಲ್ಲ. ಲೋಕದಲ್ಲಿ ಎಷ್ಟು ಜನರನ್ನು ಮೂರು ಕಾಸಿಗೆ ಹರಾಜು ಹಾಕಿದ್ದನೋ, ಈಗ ಆ ಸಾಲಿನಲ್ಲಿ ತಾನೇ ಮೊದಲು ನಿಂತಿದ್ದ. ಥೂ ನಿನ್ನ, ಅಂದುಕೊಂಡ. ಇವಳ ಕೈಗಿಂತ ನಿನ್ನ ಜಂಬ ದೊಡ್ಡದಾಯಿತೇನೋ ಮುಠ್ಠಾಳ, ಅಂದುಕೊಂಡ. ಕಣ್ಣು ತುಂಬಿ ಹೆಂಡತಿಯ ಮುಖ ಮಂಜಾಯಿತು.

ಎದ್ದು ಗೇಟಿನ ಹೊರಗೆ ಹೋದ. ಇಸ್ತ್ರಿಯವನು ಎಂದಿನಂತೆ, “ಏನ್ ಡ್ರೈವರಪ್ಪ, ನಾಳೆ ಸವಾರಿ ಉಂಟಾ?” ಅಂದ.

“ನಂಗೆ ಸ್ಕೂಟರ್ ಬರಲ್ಲ ಕಣಯ್ಯ,” ಅಂದ ಡ್ರೈವರಪ್ಪ.

“ಆಂ?”

“ಬರಲ್ಲ. ಯಾವತ್ತೂ ಬರ್ತಿರ್ಲಿಲ್ಲ. ಸೈಕಲ್ಲೂ ಬರಲ್ಲ. ನಾಳೆ ಎಂಟು ಗಂಟೆಗೆ ಒಂದು ಆಟೋ ಬೇಕು, ನಿಂಗೆ ಗೊತ್ತಿರೋರು ಯಾರಾದ್ರೂ ಇದಾರಾ?”

ಇಸ್ತ್ರಿಯವನು ನಗಲು ಬಾಯಿ ತೆರೆದವನು ಅವನ ಮುಖ ನೋಡಿ ಮುಚ್ಚಿಕೊಂಡ. ನಗು ಆಮೇಲೆ ಬಂತು, ಸಂಜೆಯ ಹೊತ್ತಿಗೆ ಬೀದಿಯ ತುಂಬ ಬಂತು. ಡ್ರೈವರಪ್ಪ ಕೇಳಿಸಿಕೊಂಡ.

ಮರುದಿನದಿಂದ ದಿನ ಬಿಟ್ಟು ದಿನ ಆಟೋದಲ್ಲಿ ಹೆಂಡತಿಯ ಪಕ್ಕ ಕೂತು ಹೋದ. ಕೇಂದ್ರದಲ್ಲಿ ಅವಳ ಕೈ ಬಗ್ಗಿಸುವಾಗ ಅವಳು ಹಲ್ಲು ಕಚ್ಚಿಕೊಂಡು ನರಳುವುದನ್ನು ಹೊರಗಿನ ಬೆಂಚಿನಲ್ಲಿ ಕೇಳುತ್ತ ಕೂತ. ಈ ಎರಡು ವಾರ ಬಿಡದಿದ್ದರೆ ಇಷ್ಟು ನೋಯುತ್ತಿರಲಿಲ್ಲ ಎಂದು ಅಲ್ಲಿಯವರು ಒಂದು ಸಲ ಹೇಳಿದರು. ಅವನಿಗೆ ಇನ್ನೊಂದು ಸಲ ಹೇಳುವ ಅಗತ್ಯವಿರಲಿಲ್ಲ. ಮನೆಗೆ ಬಂದ ಮೇಲೆ ಟೇಪು ಹಿಡಿಯುವ ಕೆಲಸ ಈಗ ಅವನದು. ಐದು, ನಾಲ್ಕೂವರೆ, ಮೂರು. ಆಮೇಲೆ ಎರಡು. ಒಂದೂವರೆಗೆ ಬಂದು ನಿಂತಿತು. ಡಾಕ್ಟರು ಎಕ್ಸ್-ರೇ ನೋಡಿ, ಇನ್ನು ಇಷ್ಟೇ ಅಂದರು.

ಭಾನುವಾರಗಳಲ್ಲಿ ಸೊಸೆ ಮಾವನನ್ನು ಮೈದಾನಕ್ಕೆ ಕರೆದುಕೊಂಡು ಹೋದಳು. ಸ್ಕೂಟರಿನ ಮುಂದೆ ಕೆಂಪು ಎಲ್ ಬೋರ್ಡು ಹಚ್ಚಿದ್ದಳು. “ಮಾವ, ಅಗಲಕ್ಕೆ ಹೋಗ್ಬೇಡಿ, ಹಿಂದೆ ಬಸ್ಸಿಲ್ಲ,” ಅಂದಳು. “ಬಲಗಾಲು ಸುಮ್ಮನಿರಲಿ. ಎರಡೂ ಬ್ರೇಕು ಒಟ್ಟಿಗೆ, ಮೆಲ್ಲಗೆ.” ಡ್ರೈವರಪ್ಪ “ಆಯ್ತಮ್ಮ” ಅಂದ, ಹೇಳಿದಂತೆಯೇ ಮಾಡಲು ಒದ್ದಾಡಿದ. ಕಾವಲುಗಾರ ಹಲ್ಲುಜ್ಜುವುದು ಬಿಟ್ಟು ಚಪ್ಪಾಳೆ ತಟ್ಟಿದ. ನಾಲ್ಕು ತಿಂಗಳು ಹಿಡಿಯಿತು.

ಡ್ರೈವರಪ್ಪನಿಗೆ ಸ್ಕೂಟರ್ ಲೈಸೆನ್ಸು ಬಂದ ವಾರ ಇಸ್ತ್ರಿಯವನೂ ಒಂದು ಹಳೆಯ ಸಣ್ಣ ಸ್ಕೂಟರ್ ಕೊಂಡ. ಅದನ್ನು ತಳ್ಳಿಕೊಂಡು ಬಂದು ಗೇಟಿನ ಮುಂದೆ ನಿಲ್ಲಿಸಿ, “ಹೊಸಬ ನಾನು. ಎರಡು ಮಾತು ಹೇಳಿ ಡ್ರೈವರಪ್ಪ,” ಅಂದ. ಕುರ್ಚಿ ಗೇಟಿನ ಹೊರಗೆ ಬರುತ್ತದೆ, ಮತ್ತೆ ಮನರಂಜನೆ ಶುರುವಾಗುತ್ತದೆ ಎಂದು ಅವನ ಆಸೆ.

ಡ್ರೈವರಪ್ಪ ಒಳಗೆ ನೋಡಿದ. ಮಿಷನ್ನಿನ ಮುಂದೆ ಟೈಲರಮ್ಮ ಕಾಫಿ ಕುಡಿಯುತ್ತಿದ್ದಳು. ಲೋಟ ಬಾಯಿಯ ತನಕ ಬರುವುದಿಲ್ಲವಾದ್ದರಿಂದ ಅವಳೇ ಕತ್ತು ಬಗ್ಗಿಸಿ ಬಾಯನ್ನು ಲೋಟದ ಹತ್ತಿರ ತರುತ್ತಿದ್ದಳು.

“ಬರಲ್ಲ ಅಂದ್ರೆ ಬರಲ್ಲ ಅಂತ ಮೊದಲು ಹೆಂಡ್ತಿಗೆ ಹೇಳು,” ಅಂದ.

“ಅಷ್ಟೇನಾ?”

“ನಂಗೆ ಗೊತ್ತಿರೋದು ಅಷ್ಟೇ. ಉಳಿದದ್ದು ನನ್ನ ಸೊಸೇನ ಕೇಳು.”

ಹೇಳಿ ಒಳಗೆ ಹೋದ. ಕತ್ತು ನೋಯುತ್ತದಲ್ಲ ಎಂದು ಲೋಟ ಹಿಡಿಯಲು ಕೈ ಚಾಚಿದ. ಟೈಲರಮ್ಮ ಲೋಟವನ್ನು ಆಚೆ ಸರಿಸಿ, “ಬಿಡಿ, ನಂಗೆ ಅಭ್ಯಾಸ ಆಗಿದೆ,” ಅಂದಳು.